ತೊಗರಿ ತಿನ್ನದ ಬ್ಯಾಕ್ಟೀರಿಯಾ

ಮಕ್ಕಳೇ, ಗುಂಡಗುರ್ತಿ, ಚಿತ್ತಾಪುರ, ಸೇಡಂ ಕಡೆ ಹೊಲ ಅಂದರೆ ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಬೇಳೆಯಲ್ಲಿ ಪ್ರೋಟೀನ್ ಇದೆ ಎಂದು ಓದಿದ್ದೀರಿ. ಅದರಲ್ಲಿ ಫೋಲೇಟ್ ಎಂಬ ವಿಟಮಿನ್ ಕೂಡ ಇದೆ. ಮೈಯಲ್ಲಿ ಹೊಸ ಜೀವಕೋಶ ಹುಟ್ಟಬೇಕಾದರೆ ಹೊಸ ಡಿಎನ್‌ಎ ಬೇಕು. ಡಿಎನ್‌ಎ ಕಟ್ಟಲು ಫೋಲೇಟ್ ಬೇಕೇ ಬೇಕು. ನಮ್ಮ ದೇಹಕ್ಕೆ ಅದನ್ನು ತಯಾರಿಸಲು ಬರುವುದಿಲ್ಲ. ರೊಟ್ಟಿ ಜೊತೆ ಬ್ಯಾಳಿ, ಸೊಪ್ಪಿನ ಪಲ್ಯ ಉಂಡೇ ಪಡೆಯಬೇಕು.

ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳದ್ದು ಇದಕ್ಕೆ ಉಲ್ಟಾ. ಹೊರಗೆ ಎಷ್ಟೇ ಫೋಲೇಟ್ ಇದ್ದರೂ ಅವು ಒಳಗೆಳೆದುಕೊಳ್ಳಲಾರವು. ಪಾಬಾ ಎಂಬ ಪುಟ್ಟ ಅಣುವನ್ನು ಬಳಸಿ ತಾವೇ ತಯಾರಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಸಲ್ಫಾ ಎಂಬ ಔಷಧಿಗಳು ಹೊಡೆಯುವುದು ಇಲ್ಲಿಯೇ.

ಸಲ್ಫಾ ಅಣುವಿನ ಆಕಾರ ಹೆಚ್ಚುಕಡಿಮೆ ಪಾಬಾದ್ದೇ. ಬೇಳೆಯಲ್ಲಿ ಬೇಳೆಯ ಬಣ್ಣದ್ದೇ ಹರಳು ಸೇರಿದ್ದರೆ ಆರಿಸುವ ಕೈ ಮೋಸಹೋಗುತ್ತದಲ್ಲ, ಹಾಗೆ ಬ್ಯಾಕ್ಟೀರಿಯಾದ ಕಿಣ್ವವೂ ಮೋಸಹೋಗಿ ಪಾಬಾ ಬದಲು ಸಲ್ಫಾವನ್ನು ಹಿಡಿಯುತ್ತದೆ. ಫೋಲೇಟ್ ತಯಾರಿ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಕೂಡಲೇ ಸಾಯುವುದಿಲ್ಲ, ಆದರೆ ಒಂದು ಎರಡಾಗುವುದು ನಿಲ್ಲುತ್ತದೆ. ಉಳಿದದ್ದನ್ನು ನಮ್ಮ ಬಿಳಿ ರಕ್ತಕಣಗಳು ನೋಡಿಕೊಳ್ಳುತ್ತವೆ.

ಹಾಗಾದರೆ ಸಲ್ಫಾ ಗುಳಿಗೆ ನುಂಗುವಾಗ ಬ್ಯಾಳಿ ಬಿಡಬೇಕೆ? ಬೇಕಿಲ್ಲ. ನಾವು ಉಂಡ ಫೋಲೇಟ್ ಆ ಬ್ಯಾಕ್ಟೀರಿಯಾಗಳಿಗೆ ದಕ್ಕುವುದಿಲ್ಲ.

ಸಲ್ಫಾದ ಈ ಮೋಸ ಗೊತ್ತಾದ ಬಗೆಯೂ ಸೊಗಸು. 1932ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೋಮಾಕ್, ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತು ಸೋಂಕು ತಗುಲಿದ ಇಲಿಗಳನ್ನು ಉಳಿಸುವುದನ್ನು ಕಂಡರು. ವಿಚಿತ್ರವೆಂದರೆ ಪರೀಕ್ಷಾನಳಿಕೆಯಲ್ಲಿ ಅದು ಬ್ಯಾಕ್ಟೀರಿಯಾಗಳಿಗೆ ಏನೂ ಮಾಡುತ್ತಿರಲಿಲ್ಲ! 1935ರಲ್ಲಿ ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಯವರು ಒಗಟು ಬಿಡಿಸಿದರು: ದೇಹದೊಳಗೆ ಆ ವಸ್ತು ಒಡೆದು ಸಲ್ಫಾನಿಲಮೈಡ್ ಹೊರಬರುತ್ತದೆ, ನಿಜವಾದ ಮದ್ದು ಅದು. 1940ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವುಡ್ಸ್, ಸಲ್ಫಾದಿಂದ ಬೆಳೆಯುವುದು ನಿಂತಿದ್ದ ಬ್ಯಾಕ್ಟೀರಿಯಾಗಳಿಗೆ ಪಾಬಾ ಕೊಟ್ಟು ನೋಡಿದರು. ಅವು ಮತ್ತೆ ಬೆಳೆದವು. ಮೋಸದ ಗುಟ್ಟು ಹಾಗೆ ಹೊರಬಿತ್ತು.

ಇಂದು ಆಸ್ಪತ್ರೆಗಳಲ್ಲಿ ಕೊಡುವ ಕೋಟ್ರೈಮಾಕ್ಸಜೋಲ್‌ನಲ್ಲಿ ಎರಡು ಮದ್ದುಗಳಿವೆ. ಸಲ್ಫಾಮೀಥಾಕ್ಸಜೋಲ್ ಫೋಲೇಟ್ ತಯಾರಿಯ ಒಂದು ಹಂತವನ್ನು ತಡೆದರೆ ಟ್ರೈಮೆಥೊಪ್ರಿಮ್ ಮುಂದಿನ ಹಂತವನ್ನು ತಡೆಯುತ್ತದೆ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿರುವ ಸಿಲ್ವರ್ ಸಲ್ಫಾಡಯಾಜಿನ್ ಕೂಡ ಇದೇ ಮನೆತನದ್ದು.

ಈಗ ಎಚ್ಚರಿಕೆಯ ಮಾತು. ವಾಡಿ, ಶಹಾಬಾದ್‌ಗಳ ಬ್ಯಾಸಿಗಿ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲೇ ನೀರೆಲ್ಲ ಹೋಗುತ್ತದೆ. ಸಲ್ಫಾ ಹೊರಹೋಗುವುದು ಮೂತ್ರದಲ್ಲಿ. ನೀರು ಕಡಿಮೆಯಾದರೆ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಆದ್ದರಿಂದ ಈ ಗುಳಿಗೆಯ ಜೊತೆ ದಿನವಿಡೀ ಚೆನ್ನಾಗಿ ನೀರು ಕುಡಿಯಬೇಕು. ಕೆಲವರ ಚರ್ಮ ಬಿಸಿಲಿಗೆ ಬೇಗ ಕೆಂಪಾಗುತ್ತದೆ. ಮಧ್ಯಾಹ್ನದ ಆಟ ನೆರಳಲ್ಲಿರಲಿ.

ಮೈಮೇಲೆ ಗಂದೆ, ಬಾಯಲ್ಲಿ ಹುಣ್ಣು, ಮುಖದ ಬಾವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ದೊಡ್ಡವರಿಗೆ ಹೇಳಿ. ಮುಂದಿನ ಗುಳಿಗೆ ನುಂಗದೆ ಆಸ್ಪತ್ರೆಗೆ ಹೋಗಬೇಕು. ಹಿಂದೆ ಸಲ್ಫಾ ಒಗ್ಗದೆ ಹೋಗಿದ್ದರೆ ಅದನ್ನು ಯಾವ ಡಾಕ್ಟರ ಬಳಿ ಹೋದರೂ ಮೊದಲೇ ತಿಳಿಸಬೇಕು. ಎಳೆಗೂಸುಗಳಿಗೂ ಗರ್ಭಿಣಿಯರಿಗೂ ಡಾಕ್ಟರು ಹೇಳದೆ ಇದು ಬೇಡವೇ ಬೇಡ.

ನೆಗಡಿ ಬರುವುದು ವೈರಸ್‌ನಿಂದ. ವೈರಸ್ ಫೋಲೇಟ್ ತಯಾರಿಸುವುದೇ ಇಲ್ಲ, ಹಾಗಾಗಿ ಸಲ್ಫಾಕ್ಕೆ ಅಲ್ಲಿ ಕೆಲಸವಿಲ್ಲ. ಸುಮ್ಮಸುಮ್ಮನೆ ನುಂಗಿದರೆ, ಮೋಸಹೋಗದ ಹೊಸ ಕಿಣ್ವ ಪಡೆದ ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ಹೆಚ್ಚುತ್ತವೆ. ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ತಮ್ಮನಿಗೆ ಬರೆದ ಗುಳಿಗೆ ಅಕ್ಕನಿಗಲ್ಲ, ಹೋದ ವರ್ಷದ್ದು ಈ ವರ್ಷಕ್ಕಲ್ಲ. ಔಷಧಿಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಮದ್ದು ಎಂದರ್ಥ. ಮನೆಯವರಿಗೂ ಆ ಗೆರೆ ತೋರಿಸಿ.