ಅತ್ತೆ ತೋರಿಸಿದ ಹೈದರಾಬಾದ್



ನಮ್ಮಲ್ಲಿ ಹಲವರು ಆಫೀಸಿನ ಕೆಲಸಕ್ಕೆಂದು ಯುರೋಪಿಗೆ ಹೋಗಿ, ಪ್ರಾಗ್, ರೋಮ್ ನಗರಗಳ ಹಳೆಯ ಬೀದಿಗಳನ್ನು ದಿನವಿಡೀ ನಡೆದು ನೋಡಿ ಬಂದಿದ್ದೀರಿ. ನಾನು ಹೇಳಹೊರಟಿರುವುದು ಮಾದಾಪುರದಿಂದ ಮೆಟ್ರೋದಲ್ಲೇ ತಲುಪಬಹುದಾದ ಹಳೆಯ ನಗರದ ಬಗ್ಗೆ.

ನಮ್ಮ ತಂಡದಲ್ಲಿ ಮೂವರು: ನಾನು, ಏಳನೇ ಕ್ಲಾಸಿನ ಮಗಳು, ರಾಯಚೂರಿನ ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಫ್ಲಾಟಿನಲ್ಲಿ ಸೌಕರ್ಯಕ್ಕೆ ಕೊರತೆಯಿಲ್ಲ. ಆದರೆ ಹಾಲಿಗೆ ಆ್ಯಪ್, ಆಟೋಗೆ ಆ್ಯಪ್, ಗೇಟಿಗೂ ಆ್ಯಪ್. ಮನೆ-ಹೊಲ ಎರಡನ್ನೂ ನಡೆಸಿದ ಹೆಂಗಸು ಒಂದು ಕಟ್ಟು ಕೊತ್ತಂಬರಿಗೂ ನನ್ನ ಫೋನಿಗೆ ಕಾಯಬೇಕು. ಅವರ ಮಾತು ದಿನೇದಿನೇ ಕಡಿಮೆಯಾಗುತ್ತಿತ್ತು.

ಒಂದು ಭಾನುವಾರ ಅಮೀರ್‌ಪೇಟೆಯಲ್ಲಿ ರೈಲು ಬದಲಿಸಿ ಎಂಜಿಬಿಎಸ್‌ನಲ್ಲಿ ಇಳಿದೆವು. ಅತ್ತೆಯ ಮೊಣಕಾಲು ನೋಡಿಕೊಂಡು ನಿಧಾನವಾಗಿ ನಡೆದು ನಯಾಪೂಲ್ ಸೇರಿದೆವು. ಕೆಳಗೆ ಮೂಸಿ ನದಿ. ಒಂದು ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆ, ಇನ್ನೊಂದು ದಡದಲ್ಲಿ ಹೈಕೋರ್ಟು. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನೀರನ್ನು ಊರಿನ ಮೇಲ್ಭಾಗದಲ್ಲೇ ತಡೆಯಬೇಕೆಂದು ಅವರು ಯೋಜನೆ ಕೊಟ್ಟರು. ಅದರಂತೆ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕನ್ನಂಬಾಡಿ ಕಟ್ಟೆಗೂ ಮುಂಚೆ ಅವರು ತಲೆ ಕೆಡಿಸಿಕೊಂಡದ್ದು ನಾವಿರುವ ಈ ಊರಿನ ನೀರಿಗಾಗಿ.

ನಾನು ಮಗಳಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅತ್ತೆ ಹೈಕೋರ್ಟಿನ ಗುಮ್ಮಟಗಳನ್ನೇ ನೋಡುತ್ತಿದ್ದರು. "ನಮ್ಮ ಮುತ್ಯಾ ಹೊಲದ ಕೇಸಿಗೆ ಇಲ್ಲಿಗೇ ಬರ್ತಿದ್ದನಂತವಾ" ಅಂದರು. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದಿಗೇ ಸೇರಿದ್ದವು. "ಹಾಗಾದ್ರೆ ನಮಗಿಂತ ಮೊದಲು ಅಜ್ಜೀನೇ ಹೈದರಾಬಾದಿನವರು!" ಅಂದಳು ಮಗಳು.

ಅಲ್ಲಿಂದ ಮುಂದೆ ಅಜ್ಜಿಯೇ ಮುಂದಾಳು. ಪತ್ಥರ್‌ಗಟ್ಟಿ, ಗುಲ್ಜಾರ್ ಹೌಜ್ ದಾಟಿ, 1591ರ ಚಾರ್‌ಮಿನಾರ್ ನೋಡಿ, ಲಾಡ್ ಬಜಾರಿಗೆ ಬಂದೆವು. ಅರಗನ್ನು ಕೆಂಡದ ಮೇಲೆ ಮೆತ್ತಗಾಗಿಸಿ, ಹೊಸೆದು, ಬಳೆಯಾಗಿ ಬಗ್ಗಿಸಿ, ಬಿಸಿ ಆರುವ ಮುನ್ನ ಒಂದೊಂದೇ ಹರಳು ಕೂರಿಸುವ ಕೆಲಸ ಅದು. ಬೆರಳು ಸುಟ್ಟೀತೆಂದು ನಮಗೇ ಭಯ. ನನ್ನ ಆಫೀಸ್ ಹಿಂದಿಗೆ ಅಂಗಡಿಯಾಕೆ ಒಂದು ರೂಪಾಯಿಯೂ ಇಳಿಸಲಿಲ್ಲ. ಅತ್ತೆ ದಖನಿಯಲ್ಲಿ ಶುರುಮಾಡಿದರು. "ಎಲ್ಲಿಯವರಮ್ಮಾ?" ಎಂದು ಆಕೆ ಕೇಳಿದಳು. ರಾಯಚೂರು ಎಂದದ್ದೇ ತಡ, "ಅರೆ, ಹಮಾರೇಚ್ ಲೋಗಾಂ!" ಎನ್ನುತ್ತ ಸ್ಟೂಲು ಎಳೆದು ಕೂರಿಸಿದಳು. ಅರ್ಧ ಗಂಟೆ ಇಬ್ಬರೂ ಸೊಸೆಯಂದಿರ ಬಗ್ಗೆಯೇ ಮಾತಾಡಿದರೆಂದು ನನ್ನ ಅನುಮಾನ! ಮೂರು ಜೊತೆ ಬಳೆ ಕೊಂಡೆವು, ರೇಟು ಅತ್ತೆಯದು.

ಮನೆಯಲ್ಲಿ ಮೂಲೆ ಸೇರಿದ ಹಿರಿಯರನ್ನು "ಹೊಂದಿಕೊಳ್ಳುತ್ತಿಲ್ಲ" ಎನ್ನುತ್ತೇವೆ. ಅವರು ಹೊಂದಿಕೊಳ್ಳಬೇಕಾದದ್ದು ನಮ್ಮ ಫೋನುಗಳಿಗೆ. ಊರಿನೊಂದಿಗೆ ಅವರಿಗೆ ಹಳೇ ನಂಟೇ ಇರಬಹುದು. ಈಗ ಅತ್ತೆ ಕೆಳಗಿನ ತರಕಾರಿ ಗಾಡಿಯವನ ಜೊತೆಗೂ ದಖನಿಯಲ್ಲಿ ಚೌಕಾಸಿ ಮಾಡುತ್ತಾರೆ, ಕೊತ್ತಂಬರಿ ಅವರೇ ತರುತ್ತಾರೆ.

ವೇದಿಕೆಗೆ ನನ್ನದೊಂದು ಕೋರಿಕೆ. ಚಳಿಗಾಲದಲ್ಲಿ ಒಂದು ಭಾನುವಾರ ನಾವೆಲ್ಲ ಹಳೇ ನಗರಕ್ಕೆ ನಡೆದು ಹೋಗೋಣ. ಗೈಡ್ ಬೇಡ. ಬೀದರ್, ಕಲಬುರಗಿ, ರಾಯಚೂರಿನ ಅಮ್ಮಂದಿರು ಮುಂದೆ ನಡೆಯಲಿ, ಮೊಮ್ಮಕ್ಕಳು ಪ್ರಶ್ನೆ ಕೇಳಲಿ. ನೀರಿನ ಬಾಟಲಿ, ಕೂರಲು ಮಡಚುವ ಸ್ಟೂಲು ನಾವು ಹೊರೋಣ.