ಲಂಡನ್ ಹಾಳಾದ ಕಥೆ, ನಮ್ಮೂರ ರೈಲು ಹಳಿಯ ಕಥೆ

ಗುಡಗೇರಿ ಸ್ಟೇಶನ್ನಿನಾಗ ಹುಬ್ಬಳ್ಳಿ ಗಾಡಿಗೆ ಕಾಯ್ತಾ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ ಇವತ್ತಿನ ಮಾತು ನಿಮಗೇ. ಯಾಕಂದ್ರ ನಿಮ್ಮ ಮುಂದಿರೋ ಹಳಿಗೂ ಲೋಕ ಹಾಳಾಗೋ ಕಥೆಗಳಿಗೂ ಒಂದು ನಂಟೈತಿ.

1880ರಲ್ಲಿ ವಿಲಿಯಂ ಡಿಲೈಲ್ ಹೇ ಎಂಬಾತ ಒಂದು ಕಥೆ ಬರೆದ. ಅದರಲ್ಲಿ ಹೊಗೆ ತುಂಬಿದ ಮಂಜಿಗೆ ಇಡೀ ಲಂಡನ್ ಉಸಿರುಗಟ್ಟಿ ಸಾಯುತ್ತದೆ. 1885ರಲ್ಲಿ ರಿಚರ್ಡ್ ಜೆಫರೀಸ್ 'ಆಫ್ಟರ್ ಲಂಡನ್' ಬರೆದ. ಅಲ್ಲಿ ಹೊಲಗಳನ್ನು ಕಾಡು ನುಂಗಿದೆ. ಸಾಕಿದ ನಾಯಿಗಳು ಕಾಡುಪಾಲಾಗಿವೆ. ಲಂಡನ್ ಇದ್ದ ಜಾಗ ವಿಷದ ಕೆಸರು. ಹಿಂಗ್ಯಾಕಾತು? ಜೆಫರೀಸ್ ಖಚಿತವಾಗಿ ಹೇಳೋದೇ ಇಲ್ಲ.

ಅಲ್ಲಿನ ಓದುಗರಿಗೆ ಅದು ಕಲ್ಪನೆ. ನಮ್ಮ ಕಡೆ, ಅದೇ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಅಷ್ಟರಾಗಲೇ ಊರೂರೇ ಹಾಳಾಗಿದ್ವು. 1876ರಲ್ಲಿ ಮಳೆ ಕೈಕೊಟ್ಟಿತು. ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಬರ ಬಿತ್ತು. ಅದು ಧಾತು ಸಂವತ್ಸರ. ಅದಕ್ಕೇ ಧಾತು ಬರ ಅಂತ ಹೆಸರು.

ಇಲ್ಲಿ ಕಾರಣ ಮುಚ್ಚಿಟ್ಟದ್ದೇನೂ ಇಲ್ಲ. 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆದು, ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕೂಲಿ ಕಡಿಮೆ ಮಾಡಿಸಿದ. ದಿನವಿಡೀ ಕಲ್ಲು ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡ್, ಅಂದ್ರ ಸುಮಾರು 450 ಗ್ರಾಂ ಕಾಳು, ಮೇಲೊಂದು ಆಣೆ. ಆ ವರ್ಷಗಳಲ್ಲೂ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮಳೆ ಬರದಿದ್ದುದು ಪ್ರಕೃತಿಯ ಕೆಲಸ. ಕಾಳು ಹಸಿದವರ ಬಾಯಿಗೆ ಬರದಿದ್ದುದು ಮನುಷ್ಯರ ತೀರ್ಮಾನ.

ಆಮೇಲೆ ಸರಕಾರಕ್ಕೂ ಎಚ್ಚರಾತು. ಬರ ಬಿದ್ದಲ್ಲಿಗೆ ಕಾಳು ಸಾಗಿಸಲು ಹಳಿ ಬೇಕು ಅಂತ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ಗುಡಗೇರಿ ಮ್ಯಾಲೆ ಹರಿಹರದ ಕಡೆ ಹೋಗೋ ಹಳಿ ಹಾಕಿದ್ದು ಅವರೇ.

ಇವತ್ತಿಗೆ ಬರ್ರಿ. 2019ರಲ್ಲಿ ನೆರೆ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ. ರೇಷನ್ ಐತಿ, ಉದ್ಯೋಗ ಖಾತ್ರಿ ಐತಿ, ಧಾತು ಬರದಂಗ ಜನ ಸಾಯಲಿಲ್ಲ. ಆದ್ರ ಎರೆ ಹೊಲದಾಗ ಮೆಣಸಿನಗಿಡ ಒಣಗಿದ್ರ ಸಾಲ ಒಣಗೂದಿಲ್ಲ. ಪರಿಹಾರ ಎಷ್ಟು, ಯಾವಾಗ, ಯಾರಿಗೆ ಅನ್ನೋದು ಇವತ್ತೂ ಮನುಷ್ಯರ ತೀರ್ಮಾನನೇ. ಅದನ್ನ ಗ್ರಾಮಸಭೆಯಾಗ ಎದ್ದು ನಿಂತು ಕೇಳೋ ಹಕ್ಕು ನಿಮಗೈತಿ.

ಒಂದು ಕೆಲಸ ಮಾಡ್ರಿ. ಮನ್ಯಾಗ ಅಜ್ಜ, ಅಮ್ಮ ಇದ್ರ 1972ರ ಬರದಾಗ ಏನು ಉಂಡ್ರಿ ಅಂತ ಕೇಳ್ರಿ. ಫೋನಿನಾಗ ರೆಕಾರ್ಡ್ ಮಾಡಿ ಇಟ್ಕೊಳ್ರಿ.