ಉಡುಪಿ ಸೀಮೆಯಲ್ಲಿ ಬೈಸಿಕಲ್ಲು



ಬೈಸಿಕಲ್ಲನ್ನು ಕುರಿತು ಒಂದು ಭಾಷಣವೇ ಏಕೆಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಸೈಕಲ್ಲು ಹತ್ತುವುದಕ್ಕೆ ಉಪದೇಶ ಬೇಕಿಲ್ಲ. ಬೀಳುವುದಕ್ಕಂತೂ ಬೇಕೇ ಇಲ್ಲ. ಆದರೆ ಒಂದು ಸೀಮೆಯ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಗಾಳಿ ಯಾವ ಹೊತ್ತಿನಲ್ಲಿ ಎತ್ತಣಿಂದ ಬೀಸುತ್ತದೆ, ರಸ್ತೆಯನ್ನು ಯಾರ ಅನುಕೂಲಕ್ಕಾಗಿ ಕಟ್ಟಿದ್ದಾರೆ, ಈ ಸಂಗತಿಗಳನ್ನು ಅಲ್ಲಿ ಸೈಕಲ್ಲು ತುಳಿದವನಷ್ಟು ಚೆನ್ನಾಗಿ ಮತ್ತಾರೂ ಅರಿಯರು. ಮೋಟಾರಿನಲ್ಲಿ ಹೋಗುವವನಿಗೆ ಏರು ಎಂಬುದು ಯಂತ್ರದ ಸದ್ದಿನಲ್ಲಿ ಮಾತ್ರ ಗೊತ್ತಾಗುತ್ತದೆ. ನಡೆದು ಹೋಗುವವನಿಗೆ ಏರು ಗೊತ್ತು, ಆದರೆ ಒಂದು ಹೊತ್ತಿನಲ್ಲಿ ಅವನು ಹೋಗುವ ದೂರ ಅಲ್ಪ. ಆದಕಾರಣ ಈ ದಿನ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕು ಊರುಗಳ ನಡುವಣ ನೆಲವನ್ನು ಸೈಕಲ್ಲಿನ ಮೇಲೆ ಕುಳಿತು ನೋಡೋಣವೆಂದು ನನ್ನ ಉದ್ದೇಶ. ಅಲ್ಲಿ ಒಂದು ವಿಚಿತ್ರ ನಡೆದಿದೆ. ಬೆಳಗಿನ ಜಾವ ವ್ಯಾಯಾಮಕ್ಕೆಂದು ಹೊರಡುವವರ ಸೈಕಲ್ಲು ಬಂದು ಸೇರಿದೆ; ಹಗಲಿನಲ್ಲಿ ಕೆಲಸಕ್ಕೆ ಹೋಗುವವರ ಸೈಕಲ್ಲು ಬಹುಮಟ್ಟಿಗೆ ಮರೆಯಾಗಿದೆ.

ಮೊದಲು ನೆಲದ ಮಾತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಪಶ್ಚಿಮ ಘಟ್ಟ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡಕ್ಕೇ ಅಲೆ ಬಡಿಯುತ್ತದೆ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನ ಬೆಟ್ಟವನ್ನು ಹತ್ತಿ ಮೂಡಲಿಗೆ ಮುಖ ಮಾಡಿದರೆ ಘಟ್ಟದ ಗೋಡೆ ಕಾಣುತ್ತದೆ. ಉಡುಪಿಯಿಂದ ಕಾಪುವಿಗೆ ಸುಮಾರು 13 ಕಿಲೊಮೀಟರು, ಕಾರ್ಕಳಕ್ಕೆ ಸುಮಾರು 38. ಇಷ್ಟು ಕಿರಿದಾದ ಪಟ್ಟಿಯಲ್ಲಿ ಮರಳು, ಗದ್ದೆಯ ಬಯಲು, ಮುರಕಲ್ಲಿನ ಪದವು, ಗುಡ್ಡದ ತಪ್ಪಲು ಎಲ್ಲವೂ ಇವೆ. ನಕಾಶೆಯನ್ನು ನೋಡಿದವರು ಕರಾವಳಿಯೆಂದರೆ ಸಮತಟ್ಟೆಂದು ಭಾವಿಸುವುದುಂಟು. ಮೈಸೂರಿನ ಕಡೆಯ ನೀಳವಾದ ರಸ್ತೆಗಳಲ್ಲಿ ತುಳಿದು ಬಂದವರು ಇಲ್ಲಿ ಮೊದಲ ದಿನವೇ ದಣಿಯುತ್ತಾರೆ. ಏಕೆಂದರೆ ಇಲ್ಲಿ ದೊಡ್ಡ ಏರು ಒಂದಿಲ್ಲ, ಸಣ್ಣ ಏರುಗಳಿಗೆ ಲೆಕ್ಕವಿಲ್ಲ. ಪದವಿನಿಂದ ಇಳಿದರೆ ಬೈಲು, ಬೈಲಿನಲ್ಲಿ ಒಂದು ತೋಡು, ತೋಡು ದಾಟಿದರೆ ಮತ್ತೆ ಏರು.

ಈ ಏರುಗಳಲ್ಲಿ ಎಲ್ಲರಿಗೂ ಪರಿಚಿತವಾದುದು ಉಡುಪಿಯಿಂದ ಮಣಿಪಾಲಕ್ಕೆ ಹೋಗುವುದು. ಮಣ್ಣಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಈ ಬೋಳುಗುಡ್ಡದ ಮೇಲೆ ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಇಂದು ವಿದ್ಯಾರ್ಥಿಗಳು, ಗುಮಾಸ್ತರು, ದಾದಿಯರು, ರೋಗಿಗಳು ಸಾವಿರಗಟ್ಟಲೆಯಾಗಿ ದಿನವೂ ಆ ಗುಡ್ಡವನ್ನೇರುತ್ತಾರೆ. ದೂರ ಐದಾರು ಕಿಲೊಮೀಟರು. ಗುಡ್ಡವು ಪೇಟೆಗಿಂತ 60 ಮೀಟರು ಎತ್ತರವೆಂದಿಟ್ಟುಕೊಳ್ಳೋಣ. ಸವಾರನೂ ಸೈಕಲ್ಲೂ ಕೂಡಿ 80 ಕಿಲೊಗ್ರಾಂ ತೂಗಿದರೆ ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಕೆಲಸ ಸುಮಾರು 47 ಕಿಲೊಜೂಲ್. ನಮ್ಮ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲವು. ಆ ಪ್ರಕಾರ ಗುಣಿಸಿದರೆ ಬರುವುದು ಐವತ್ತರ ಒಳಗಿನ ಕಿಲೊಕ್ಯಾಲರಿ. ಅಂದರೆ ಗುಡ್ಡವನ್ನೇರುವ ಖರ್ಚು ಹೆಚ್ಚುಕಡಮೆ ಒಂದು ಇಡ್ಲಿ! ಇಡ್ಲಿಗೆ ಹೆಸರಾದ ಊರಿನಲ್ಲಿ ಇದು ಭಾರಿಯಾದ ವೆಚ್ಚವೆಂದು ಯಾರೂ ಹೇಳಲಾರರು.

ಹಾಗಾದರೆ ಏರು ಅಷ್ಟು ಕಷ್ಟವೆನಿಸುವುದೇಕೆ? ಕೆಲಸದ ಮೊತ್ತ ಅಲ್ಪವಾದರೂ ಕಾಲಿನ ಮೇಲೆ ಒಂದೊಂದು ಸುತ್ತಿಗೂ ಬೀಳುವ ಒತ್ತಡ ಹೆಚ್ಚು. ನಮ್ಮ ಹಳೆಯ ಕರಿಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲುಗಳಿದ್ದವೆಂದುಕೊಳ್ಳಿ. ಪೆಡಲು ಒಮ್ಮೆ ಸುತ್ತಿದರೆ ಗಾಡಿ ಸುಮಾರು ಐದೂವರೆ ಮೀಟರು ಮುಂದೆ ಸಾಗಬೇಕು. ಬಯಲಾದರೂ ಅಷ್ಟೆ, ಏರಾದರೂ ಅಷ್ಟೆ. ಈಚಿನ ಗೇರಿನ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 34 ಹಲ್ಲು ಹೊಂದಿಸಿಕೊಂಡರೆ ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಹೆಚ್ಚು. ಕಾಲಿನ ಒತ್ತಡ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೊತ್ತು ಹೆಚ್ಚಾಗುತ್ತದೆ, ನಿಜ. ಆದರೆ ಇಳಿದು ನೂಕಿಕೊಂಡು ಹೋಗುವುದಕ್ಕಿಂತ ಬೇಗವೇ. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ಆರಂಭವಾಗಿ ಬಹಳ ವರ್ಷ ನಡೆಯಿತು. ಬಯಲುಸೀಮೆಯ ಎಷ್ಟೋ ಹೆಣ್ಣುಮಕ್ಕಳನ್ನು ಶಾಲೆಗೆ ತಲಪಿಸಿದ ಯೋಜನೆ ಅದು. ಅದರ ಪುಣ್ಯ ದೊಡ್ಡದು. ಆದರೆ ಒಂದೇ ಗೇರಿನ ಭಾರವಾದ ಗಾಡಿ ಬಿಜಾಪುರದ ಬಯಲಿಗೂ ಕಾರ್ಕಳದ ತಪ್ಪಲಿಗೂ ಸಮನಾಗಿ ಒಗ್ಗೀತೆ? ಅದನ್ನು ಏರಿನಲ್ಲಿ ನೂಕಬೇಕಾದ ಹದಿಮೂರು ವರ್ಷದ ಹುಡುಗಿಯನ್ನು ಕೇಳಿದ್ದರೆ ಉತ್ತರ ದೊರೆಯುತ್ತಿತ್ತು.

ಏರು ಇದ್ದರೂ ಹಿಂದೆ ಸೈಕಲ್ಲು ಇಲ್ಲಿ ದುಡಿಯುವವರ ವಾಹನವಾಗಿತ್ತು. ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ, ಹಾರನ್ನು ಒತ್ತುತ್ತ ಮನೆಮನೆಗೆ ಬರುತ್ತಿದ್ದ ಮೀನಿನವನು, ಅಂಚೆಯವನು, ದರ್ಜಿ, ಶಾಲೆಯ ಮೇಷ್ಟರು ಎಲ್ಲರೂ ಅದರ ಮೇಲಿದ್ದರು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಗಳಿದ್ದವು. ಪುರಸಭೆಗಳು ವರ್ಷಕ್ಕೊಮ್ಮೆ ಸುಂಕ ವಸೂಲು ಮಾಡಿ ಬಿಲ್ಲೆ ಕೊಡುತ್ತಿದ್ದ ಕಾಲವೂ ಇತ್ತು. ಬಳಿಕ ಮೂಲೆಮೂಲೆಗೂ ಖಾಸಗಿ ಬಸ್ಸು ಬಂತು. ಆಮೇಲೆ ಸ್ಕೂಟರು, ಮೋಟಾರ್ ಬೈಕು. ಮೀನಿನ ಪೆಟ್ಟಿಗೆ ಕೂಡ ಮೋಟಾರು ಗಾಡಿಯನ್ನೇರಿತು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹೊಟ್ಟೆಪಾಡಿಗಾಗಿ ಬಿಸಿಲಲ್ಲಿ ತುಳಿಯುತ್ತಿದ್ದವನಿಗೆ ಸೈಕಲ್ಲಿನ ಸೊಗಸನ್ನು ಬೋಧಿಸುವ ಅಧಿಕಾರ ನಮಗಿಲ್ಲ.

ಓದಿದವರು ಸೈಕಲ್ಲು ಬಿಟ್ಟುದಕ್ಕೆ ಮಾತ್ರ ಬೇರೊಂದು ಕಾರಣವಿದೆ. ಅದನ್ನು ಹೇಳಲು ಅವರು ಸಂಕೋಚಪಡುತ್ತಾರೆ. ಅದು ಬೆವರು. ಕರಾವಳಿಯ ಗಾಳಿಯಲ್ಲಿ ತೇವ ಅಧಿಕ, ಬೆವರು ಆರುವುದಿಲ್ಲ. ಒಂಬತ್ತು ಗಂಟೆಗೆ ಗುಡ್ಡವನ್ನೇರಿ ಕಚೇರಿಗೆ ಹೋದವನ ಅಂಗಿ ಹನ್ನೊಂದಾದರೂ ಒದ್ದೆಯೇ. ಇದಕ್ಕೆ ಪರಿಹಾರ ಗಹನವಾದುದಲ್ಲ: ಕೆಲಸದ ಜಾಗದಲ್ಲಿ ಒಂದು ಸ್ನಾನದ ಕೊಠಡಿ, ಮಳೆ ತಾಗದಂತೆ ಸೈಕಲ್ಲು ನಿಲ್ಲಿಸಲು ಒಂದು ಮಾಡು. ವಿದ್ಯುತ್ತಿನ ನೆರವುಳ್ಳ ಸೈಕಲ್ಲೂ ಈಗ ದೊರೆಯುತ್ತದೆ. ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೊಮೀಟರಿನೊಳಗೆ ಇದ್ದು, ತೂಕದ ಮಿತಿಯನ್ನೂ ಮೀರದಿದ್ದರೆ ನಮ್ಮ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಮಣಿಪಾಲದ ಏರಿಗೆ ಇದು ತಕ್ಕ ಉಪಾಯ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಹೆಸರಿನಿಂದ ಸಾರ್ವಜನಿಕ ಸೈಕಲ್ಲುಗಳ ಏರ್ಪಾಡು ಬಂದಿತು; ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಅದನ್ನು ಹಾಗೆಯೇ ಮಣಿಪಾಲಕ್ಕೆ ತಂದರೆ ಏನಾದೀತೆಂದು ಊಹಿಸಿ: ಇಳಿಯುವಾಗ ಎಲ್ಲರೂ ಹತ್ತುವರು, ಏರುವಾಗ ಬಸ್ಸು ಹಿಡಿಯುವರು. ಸಂಜೆಯ ಹೊತ್ತಿಗೆ ಸೈಕಲ್ಲುಗಳೆಲ್ಲ ಉಡುಪಿಯ ಪೇಟೆಯಲ್ಲಿ ರಾಶಿ ಬಿದ್ದಿರುವುವು!

ಈಗ ಪ್ರಾಣಕ್ಕೆ ಸಂಬಂಧಪಟ್ಟ ಮಾತಿಗೆ ಬರೋಣ. ಉಡುಪಿಯಿಂದ ಕಾಪುವಿಗೆ ನೇರವಾದ ದಾರಿ 66ನೆಯ ರಾಷ್ಟ್ರೀಯ ಹೆದ್ದಾರಿ; ಹಿಂದೆ ಇದಕ್ಕೆ 17ನೆಯದೆಂದು ಹೆಸರು. ಅದನ್ನು ನಾಲ್ಕು ಸಾಲಿನದಾಗಿ ಅಗಲಿಸಿದ ಮೇಲೆ ಮೋಟಾರಿನವರಿಗೆ ಹೊತ್ತು ಉಳಿಯಿತು. ಸೈಕಲ್ಲಿನವನಿಗೆ ಎರಡು ಕಷ್ಟ ಹುಟ್ಟಿದುವು. ಒಂದು, ನಡುವಣ ಕಟ್ಟೆಯಲ್ಲಿ ದಾಟುವ ಜಾಗ ದೂರವಾದುದರಿಂದ ಸುತ್ತು ಬೇಡವೆಂದು ಎದುರು ದಿಕ್ಕಿನಲ್ಲಿ ಬರುವ ಗಾಡಿಗಳು. ಅವು ಬರುವುದು ಸೈಕಲ್ಲಿನವನಿಗೆ ಉಳಿದಿರುವ ಆ ಎಡದಂಚಿನಲ್ಲಿಯೇ. ಇನ್ನೊಂದು ಕಷ್ಟ ಅಂಚೇ. ಡಾಂಬರಿಗೂ ಪಕ್ಕದ ಮಣ್ಣಿಗೂ ನಾಲ್ಕು ಬೆರಳು ಎತ್ತರದ ಅಂತರವಿದ್ದರೆ ಅದು ಮೋಟಾರಿನವನ ಕಣ್ಣಿಗೇ ಬೀಳುವುದಿಲ್ಲ. ಹಿಂದಿನಿಂದ ಲಾರಿಯ ಹಾರನ್ನು ಕೇಳಿ ಸೈಕಲ್ಲನ್ನು ಕೆಳಗಿಳಿಸಿದವನು ಮರಳಿ ಮೇಲೆ ಬರಲು ಯತ್ನಿಸುವಾಗ ಮುಂದಿನ ಚಕ್ರ ಅಂಚಿಗೆ ಉಜ್ಜಿ ಜಾರುತ್ತದೆ. ಅವನು ಬೀಳುವುದು ಮಣ್ಣಿನ ಕಡೆಗಲ್ಲ, ರಸ್ತೆಯ ಕಡೆಗೆ. ಮಳೆಗಾಲದಲ್ಲಿ ನೀರು ತುಂಬಿದಾಗ ಈ ಅಂಚು ಕಾಣುವುದೂ ಇಲ್ಲ. ಒಂದೂವರೆ ಮೀಟರು ಅಗಲಕ್ಕೆ, ಡಾಂಬರಿನ ಮಟ್ಟಕ್ಕೇ ಸಮನಾದ ಗಟ್ಟಿ ಪಟ್ಟಿಯನ್ನು ಒಡೆಯದೆ ಬಿಟ್ಟುಕೊಟ್ಟರೆ ನಡೆಯುವವರು, ಶಾಲೆಯ ಮಕ್ಕಳು, ಸೈಕಲ್ಲಿನವರು ಎಲ್ಲರೂ ಬದುಕಿಕೊಳ್ಳುತ್ತಾರೆ. ಇಷ್ಟು ದೊಡ್ಡ ರಸ್ತೆಯ ವೆಚ್ಚದಲ್ಲಿ ಇದು ಎಷ್ಟರ ಪಾಲು? ಸೈಕಲ್ಲಿಗೆಂದು ಬಣ್ಣ ಬಳಿದ ಪ್ರತ್ಯೇಕ ಹಾದಿಯನ್ನು ಯಾರಾದರೂ ಕೇಳಿದರೆ ನಾನು ಬೇಡವೆನ್ನುವುದಿಲ್ಲ. ಆದರೆ ಮೊದಲು ಆ ನಾಲ್ಕು ಬೆರಳಿನ ಅಂತರ ತುಂಬಲಿ.

ಹೆದ್ದಾರಿಯನ್ನು ಬಿಡುವವರಿಗೆ ಕಾಪುವಿನತ್ತ ಬೇರೊಂದು ದಾರಿಯಿದೆ. ಈ ಸೀಮೆಯಲ್ಲಿ ಅದಕ್ಕಿಂತ ರಮ್ಯವಾದ ಸೈಕಲ್ಲಿನ ದಾರಿ ನನಗೆ ತಿಳಿದಂತೆ ಇಲ್ಲ. ಮಲ್ಪೆಯ ಬಂದರಿನಿಂದ ಸೇತುವೆ ದಾಟಿ ಪಡುಕೆರೆಗೆ ಬರಬೇಕು. ಅಲ್ಲಿಂದ ತೆಂಕಲಿಗೆ ಹೋಗುವ ಕಿರುದಾರಿಯ ಬಲಕ್ಕೆ ಸಮುದ್ರ, ಎಡಕ್ಕೆ ಉದ್ಯಾವರದ ಹೊಳೆ. ನಡುವಣ ನೆಲ ಕೆಲವೆಡೆ ತೆಂಗಿನ ನಾಲ್ಕು ಸಾಲಿಗೂ ಸಾಲದಷ್ಟು ಕಿರಿದು. ಒಣಹಾಕಿದ ಬಲೆ, ದಡಕ್ಕೆಳೆದ ದೋಣಿ, ಅಂಗಳದಲ್ಲಿ ಮೀನು ಒಣಗಿಸುವ ಹೆಂಗಸರು ಇವುಗಳ ನಡುವೆ ಸಾಗಿ ಮಟ್ಟುವಿಗೆ ಬಂದರೆ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಮಟ್ಟುಗುಳ್ಳ ಬದನೆಯ ಗದ್ದೆಗಳು. ಮುಂದೆ ಕೈಪುಂಜಾಲಿನ ಮೇಲಿಂದ ಕಾಪು. ಇಲ್ಲಿ ಏರೆಂಬುದಿಲ್ಲ, ಲಾರಿಯೂ ಇಲ್ಲ. ಆದರೆ ಮಳೆಗಾಲದಲ್ಲಿ ಕಡಲು ಈ ದಡವನ್ನು ಕೊರೆಯುತ್ತದೆ. ತಡೆಗೆ ಸುರಿದ ಬಂಡೆಗಳ ಮೇಲಿಂದ ಹಾರಿ ಬಂದ ಮರಳು ರಸ್ತೆಯಲ್ಲಿ ಹರಡಿ ಚಕ್ರವನ್ನು ಹಿಡಿಯುತ್ತದೆ. ಕಾಪುವಿನಿಂದ ಶಿರ್ವ, ಬೆಳ್ಮಣ್, ನಿಟ್ಟೆಗಳ ಮೇಲೆ ಕಾರ್ಕಳಕ್ಕೆ ಹೋಗಿ, ಬೈಲೂರು, ಹಿರಿಯಡಕ, ಪರ್ಕಳಗಳ ಮೇಲೆ ಉಡುಪಿಗೆ ಮರಳಿದರೆ ಒಟ್ಟು 85 ಕಿಲೊಮೀಟರಿನ ಆಸುಪಾಸು. ಪರ್ಕಳದಿಂದ ಮಣಿಪಾಲಕ್ಕೆ ಏರುವ ಕೊನೆಯ ತುಣುಕು ಅಷ್ಟು ಹೊತ್ತಿಗೆ ದಣಿದ ಕಾಲಿಗೆ ಘಟ್ಟದಂತೆಯೇ ತೋರುತ್ತದೆ.

ಇನ್ನು ರಸ್ತೆಯನ್ನೇ ಬಿಟ್ಟು ಹೋಗುವ ಗುಡ್ಡದ ಸೈಕಲ್ಲು. 1970ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದುದರಿಂದ ಈ ಕ್ರೀಡೆ ಬೆಳೆಯಿತು. ನಮ್ಮ ಪದವುಗಳು ಅದಕ್ಕೆ ಹೇಳಿ ಮಾಡಿಸಿದ ನೆಲ. ಮುರಕಲ್ಲಿನ ಮೈ ಬೇಸಗೆಯಲ್ಲಿ ಅರದಂತೆ ಒರಟು; ಟಯರು ಗಟ್ಟಿಯಾಗಿ ಹಿಡಿಯುತ್ತದೆ. ಅದೇ ಕಲ್ಲಿನ ಮೇಲೆ ಜೂನಿನ ಬಳಿಕ ಪಾಚಿ ಬೆಳೆದಾಗ ಬ್ರೇಕು ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಅದಕ್ಕಿಂತ ದೊಡ್ಡ ಭಯ ಕಲ್ಲು ಕಡಿದು ಬಿಟ್ಟ ಕೋರೆಗಳದು. ಮುರಕಲ್ಲನ್ನು ಚೌಕವಾಗಿ ಕೊಯ್ಯುವುದರಿಂದ ಗುಂಡಿಯ ಬದಿಗಳು ಗೋಡೆಯಂತೆ ನೆಟ್ಟಗಿರುತ್ತವೆ. ಸುತ್ತ ಬೇಲಿಯಿರುವುದು ಅಪರೂಪ. ಹುಲ್ಲು ಬೆಳೆದರೆ ಹತ್ತು ಗಜದವರೆಗೂ ಕಾಣುವುದಿಲ್ಲ. ಮಳೆಗಾಲದಲ್ಲಿ ಅದು ಕೆರೆಯೇ. ಹೊಸ ಜಾಡಿನಲ್ಲಿ ಮೊದಲ ಸಲ ಹೋಗುವವನು ನಡೆದು ನೋಡಿದ ಮೇಲೆಯೇ ಗಾಡಿ ಹತ್ತಬೇಕು. ಗೇರಿನ ತೋಪು, ರಬ್ಬರಿನ ತೋಟ, ಮನೆಯಂಗಳ ಇವುಗಳ ನಡುವೆ ಹಾದುಹೋಗುವ ಕಾಲುದಾರಿ ಯಾರದೋ ಸ್ವತ್ತು; ಅಲ್ಲಿ ಇಳಿದು, ಕೇಳಿ ಹೋಗುವುದು ಮರ್ಯಾದೆ. ನಾಗಬನದ ಮಗ್ಗುಲಲ್ಲಿ, ಭೂತದ ಗುಡಿಯ ಮುಂದೆ ಗಾಡಿ ಹಾರಿಸುವವರಿಗೆ ಊರವರು ದಾರಿ ಮುಚ್ಚಿದರೆ ಅದು ಅನ್ಯಾಯವಲ್ಲ. ಕಾರ್ಕಳ, ಹೆಬ್ರಿಗಳ ಮೂಡಲಿಗೆ ಕುದುರೆಮುಖದ ರಾಷ್ಟ್ರೀಯ ಉದ್ಯಾನವೂ ಸೋಮೇಶ್ವರದ ವನ್ಯಧಾಮವೂ ಇವೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಸ್ತೆ ಬಿಟ್ಟು ಒಳಹೊಗುವಂತಿಲ್ಲ.

ಕೊನೆಗೆ ಚಳಿಗಾಲದ ಅಭ್ಯಾಸ. ಹಿಮ ಬೀಳುವ ದೇಶಗಳಲ್ಲಿ ಸೈಕಲ್ಲಿನವರು ಚಳಿಗಾಲವನ್ನು ಮನೆಯೊಳಗೆ ನಿಂತಲ್ಲೇ ತುಳಿಯುತ್ತ ಕಳೆಯುತ್ತಾರೆ. ನಮ್ಮಲ್ಲಿ ಮನೆಯೊಳಗೆ ಕುಳ್ಳಿರಿಸುವುದು ಮಳೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಗಾಳಿ ತುಸು ಒಣಗಿ ಹಗುರಾಗುತ್ತದೆ. ವರ್ಷದ ಉಸಿರನ್ನು ಕೂಡಿಡುವ ಕಾಲ ಅದೇ. ವೇಗ ಬೇಡ. ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಬಹಳ ಹೊತ್ತು ತುಳಿಯಬೇಕು. ಮೂರು ವಾರ ದೂರವನ್ನು ಹೆಚ್ಚಿಸಿ ನಾಲ್ಕನೆಯ ವಾರ ತಗ್ಗಿಸುವುದು ಒಳ್ಳೆಯ ಪದ್ಧತಿ. ಫ್ರಾನ್ಸಿನಿಂದ ಬಂದ ಬ್ರೆವೆ ಎಂಬ ದೂರಸವಾರಿಯ ನಿಯಮದಂತೆ 200 ಕಿಲೊಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆಯೊಳಗೆ ಮುಗಿಸಬೇಕು. ಅಲ್ಲಿ ಗೆಲುವು ಸೋಲಿಲ್ಲ, ಹೊತ್ತಿನೊಳಗೆ ಬಂದರೆ ಸಾಕು. ಅಂಥದಕ್ಕೆ ಸಿದ್ಧವಾಗುವವರು ಸೋಮೇಶ್ವರದಿಂದ 14 ತಿರುವುಗಳ ಆಗುಂಬೆ ಘಾಟಿಯನ್ನು ಒಮ್ಮೆ ಏರಿ ನೋಡಲಿ. ಇಳಿಯುವಾಗ ರಿಮ್ಮನ್ನು ಹಿಡಿಯುವ ಬ್ರೇಕಿದ್ದರೆ ಬಿಟ್ಟುಬಿಟ್ಟು ಒತ್ತಬೇಕು. ಹಿಡಿದೇ ಇದ್ದರೆ ರಿಮ್ಮು ಕಾಯುತ್ತದೆ.

ಗಾಳಿಯ ವಿಷಯ ಒಂದಿದೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ನೆಲ ಕಾದಾಗ ಕಡಲಿನಿಂದ ನೆಲಕ್ಕೆ ಜೋರಾಗಿ. ಹೀಗಿರಲಾಗಿ ಉಡುಪಿಯಿಂದ ಬೆಳಗ್ಗೆ ಕಾರ್ಕಳಕ್ಕೆ ಹೊರಟು ಸಂಜೆ ಮರಳುವವನಿಗೆ ಹೋಗುವಾಗಲೂ ಬರುವಾಗಲೂ ಎದುರುಗಾಳಿ. ಕಾರ್ಕಳದವರ ಅದೃಷ್ಟ ದೊಡ್ಡದು: ಬೆಳಗ್ಗೆ ಹೊರಟು ಕಾಪುವಿನ ದೀಪಸ್ತಂಭವನ್ನು ನೋಡಿ ಹಿಂದಿರುಗಿದರೆ ಎರಡು ಸಲವೂ ಗಾಳಿ ಬೆನ್ನಿಗೆ. ಮನೆಗೆ ಬಂದ ಕೂಡಲೆ ಚೈನಿಗೆ ಹೊಕ್ಕ ಮರಳನ್ನು ಒರೆಸಿ ಎಣ್ಣೆ ಬಿಡುವುದನ್ನು ಮಾತ್ರ ಅವರು ನಾಳೆಗೆ ಇಡಬಾರದು. ಕಡಲದಡದ ಉಪ್ಪಿಗೆ ಕಬ್ಬಿಣವನ್ನು ಹಿಡಿಯಲು ಒಂದು ರಾತ್ರಿ ಸಾಕು.